ಜೀರ್ಣವಸ್ತ್ರದ ಉದ್ಧಾರ

ನಮ್ಮ ನಾಡಿನ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ದೇಗುಲದಲ್ಲಿ ಒಡೆದುದನ್ನೂ ಬಿರಿದುದನ್ನೂ ಹಳತಾದುದನ್ನೂ ಸರಿಪಡಿಸುವುದಕ್ಕೆಂದು ಅರಸರು, ಸೆಟ್ಟಿಗಳು, ಊರ ಮಹಾಜನರು ಭೂಮಿಯನ್ನೂ ತೋಟವನ್ನೂ ಸುಂಕದ ಉತ್ಪನ್ನವನ್ನೂ ಬಿಟ್ಟುಕೊಟ್ಟು, ಆ ದತ್ತಿಯನ್ನು ಕಲ್ಲಿನ ಮೇಲೆಯೇ ಕೆತ್ತಿಸಿದರು. ಕಲ್ಲಿಗೆ ಈ ಭಾಗ್ಯವುಂಟು. ಬಟ್ಟೆಗೆ ಇಂಥ ದತ್ತಿಯನ್ನು ಯಾರು ಬಿಟ್ಟಾರು? ಬಟ್ಟೆಯೆಂಬುದು ಉಟ್ಟು ಹರಿಯುವ ವಸ್ತು. ಹರಿದ ಸೀರೆ ಕೌದಿಯ ಒಳಪದರವಾಗುವುದು. ಕೌದಿ ಸವೆದರೆ ನೆಲ ಒರೆಸುವ ಅರಿವೆಯಾಗುವುದು. ಅಲ್ಲಿಂದ ಮುಂದೆ ಅದಕ್ಕೆ ಒಲೆಯ ಬಾಯಿಯೇ ಗತಿ. ಹೀಗಾಗಿ ನೂರು ವರ್ಷದ ಹಿಂದಿನ ಕಲ್ಲುಕಂಬ ನಮ್ಮಲ್ಲಿ ಹಳೆಯದೆನಿಸದು, ಆದರೆ ನೂರು ವರ್ಷದ ಹಿಂದಿನ ಒಂದು ಹೊದಿಕೆಯನ್ನು ತೋರಿಸಿರೆಂದರೆ ಊರೆಲ್ಲ ಹುಡುಕಬೇಕಾಗುವುದು.

ಈ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಅಂಥ ಬಟ್ಟೆಗಳಲ್ಲಿಯೂ ಒಂದು ವಿಶೇಷವಾದ ಬಗೆ. ಕಣ್ಣು, ಕಿವಿ, ಕೈಕಾಲುಗಳಲ್ಲಿ ಒಂದಲ್ಲ ಒಂದರ ಬಲ ಕುಂದಿದ ವಿದ್ಯಾರ್ಥಿಗಳು ಕಲಿಯುತ್ತ ಕಲಿಯುತ್ತ ನೆಯ್ದ ಅಥವಾ ಹೊಲಿದ, ಮುಂದೆ ಒಂದು ಸಮುದಾಯದ ಸೊತ್ತಾದ ಬಟ್ಟೆ. ಅಂಥದೊಂದು ಜೀರ್ಣವಾದಾಗ ಅದನ್ನು ಉದ್ಧರಿಸುವುದು ಹೇಗೆ, ಉದ್ಧರಿಸುವಾಗ ಅದರಲ್ಲಿ ಏನನ್ನು ಮುಟ್ಟಬಾರದು ಎಂಬುದೇ ಇಲ್ಲಿಯ ಪ್ರಶ್ನೆ.

ರಂಗಂಪೇಟೆಯಲ್ಲಿ ಕುಳಿತು ಬಟ್ಟೆಯ ಮಾತೆತ್ತುವವನು ಮೊದಲು ಜೇಡರ ದಾಸಿಮಯ್ಯನನ್ನು ನೆನೆಯದೆ ಮುಂದೆ ಹೋಗಲಾರನು. ಬಸವಣ್ಣನವರಿಗಿಂತ ಹಿಂದಿನವನೆಂದು ಎಣಿಸಲ್ಪಡುವ, ‘ರಾಮನಾಥ’ ಎಂಬ ಅಂಕಿತದ ಈ ವಚನಕಾರನ ಊರು ನಮ್ಮ ಸುರಪುರ ಸೀಮೆಯ ಮುದನೂರು, ಕಾಯಕ ನೇಯ್ಗೆ. ಅವನ ವಿಷಯದಲ್ಲಿ ಜನರು ಹೇಳುವ ಕಥೆಯೊಂದುಂಟು. ಬಹುಕಾಲ ಶ್ರಮಪಟ್ಟು ನೆಯ್ದ ಒಂದು ಉತ್ತಮ ವಸ್ತ್ರವನ್ನು ಅವನು ಮಾರಲು ಒಯ್ದಾಗ, ಜಂಗಮನೊಬ್ಬನು ಬೇಡಿದನಂತೆ, ದಾಸಿಮಯ್ಯನು ಕೊಟ್ಟನು, ಬೇಡಿದವನು ಅದನ್ನು ಅವನ ಕಣ್ಣೆದುರಿಗೇ ಚೂರುಚೂರಾಗಿ ಹರಿದನು, ನೆಯ್ದವನ ಮುಖ ಬಾಡಲಿಲ್ಲ. ಮೆಚ್ಚಿದ ಶಿವನು ತವನಿಧಿಯನ್ನು ಕೊಟ್ಟನೆಂದು ಕಥೆ ಮುಗಿಯುವುದು. ಭಕ್ತಿಯ ದೃಷ್ಟಿಯಿಂದ ಈ ಕಥೆಗೆ ಬೇರೆ ಅರ್ಥವಿದೆ, ಅದನ್ನು ನಾನು ಕದಲಿಸಬಯಸುವುದಿಲ್ಲ. ಚರಿತ್ರೆಯ ವಿದ್ಯಾರ್ಥಿಗೆ ಮಾತ್ರ ಆ ಚೂರುಗಳ ಚಿಂತೆ ಬಿಡದು. ತವನಿಧಿಯ ಕಥೆ ಉಳಿಯಿತು, ಬಟ್ಟೆಯ ಒಂದು ಎಳೆಯೂ ಉಳಿಯಲಿಲ್ಲ. ಯಾವ ನೂಲು, ಯಾವ ಅಂಚು, ಯಾವ ಬಣ್ಣ ಎಂಬುದನ್ನು ಕಥೆ ಹೇಳುವವರೂ ಕೇಳುವವರೂ ವಿಚಾರಿಸಿದಂತೆ ಕಾಣದು.

ನಮ್ಮ ಭಾಗದಲ್ಲಿ ಸಮುದಾಯದ ವಸ್ತ್ರವೆಂದು ಕರೆಯಬಹುದಾದುದು ಕೌದಿ. ಮನೆಮಂದಿಯ ಹಳೆಯ ಸೀರೆ, ಧೋತರ, ಅಂಗಿ, ಕುಪ್ಪಸಗಳೆಲ್ಲ ತುಂಡಾಗಿ, ಪದರದ ಮೇಲೆ ಪದರ ಕೂಡಿ, ಒಂದೇ ಸಮನೆ ಓಡುವ ದಾರದಿಂದ ಒಂದಾಗುವುವು. ತಮ್ಮ ಮನೆಯದನ್ನು ತಾವೇ ಹೊಲಿದುಕೊಳ್ಳುವವರುಂಟು. ಊರೂರು ತಿರುಗಿ ಕೂಲಿಗೆ ಹೊಲಿದುಕೊಡುವ ಹೆಂಗಸರುಂಟು. ಹುಟ್ಟಿದ ಕೂಸನ್ನು ಮಲಗಿಸುವುದು ಅದರ ಮೇಲೆಯೇ, ಏಕೆಂದರೆ ನೂರು ಸಲ ಒಗೆದ ಹತ್ತಿಯ ಬಟ್ಟೆಯಷ್ಟು ಮೆತ್ತಗಿನ ವಸ್ತು ಬೇರೊಂದಿಲ್ಲ. ಸಂಸ್ಕೃತದ ‘ಕಂಥಾ’, ಕನ್ನಡದ ‘ಕಂತೆ’ ಎಂಬ ಮಾತುಗಳು ಸೂಚಿಸುವ ವಸ್ತುವೂ ಇದೇ ಕುಲದ್ದು. ಅವಧೂತರ ಹೆಗಲಿಗೇರಿದಾಗ ಅದು ವೈರಾಗ್ಯದ ಗುರುತು, ಅಜ್ಜಿಯ ಕೈಯಲ್ಲಿದ್ದಾಗ ಸಂಸಾರದ ಗುರುತು.

ಕೌದಿಯ ಹೊಲಿಗೆ ಬಹುಮಟ್ಟಿಗೆ ಸ್ಪರ್ಶದ ವಿದ್ಯೆಯೆಂಬುದನ್ನು ಅದನ್ನು ನೋಡಿದವರು ಒಪ್ಪುವರು. ಕಣ್ಣಿಗೆ ಪೊರೆ ಬಂದ ಮುದುಕಿಯರು ಜಗುಲಿಯ ಮೇಲೆ ಕುಳಿತು ನಿರಾಯಾಸವಾಗಿ ಹೊಲಿಯುತ್ತಿದ್ದುದನ್ನು ನಮ್ಮ ತಲೆಮಾರಿನವರೆಲ್ಲ ಕಂಡವರೇ. ಎಡಗೈಯ ಬೆರಳು ಹಿಂದಿನ ಸಾಲನ್ನು ಸವರಿಕೊಂಡು ಮುಂದೆ ಹೋಗುವುದು, ಬಲಗೈಯ ಸೂಜಿ ಅದನ್ನು ಹಿಂಬಾಲಿಸುವುದು. ಅವರಿಗೆ ಇನ್ನೊಬ್ಬರ ಕಣ್ಣು ಬೇಕಾಗುತ್ತಿದ್ದುದು ಒಂದೇ ಕೆಲಸಕ್ಕೆ. “ಸೂಜಿಗೆ ದಾರ ಹಾಕಿಕೊಡು, ತಮ್ಮಾ” ಎಂದು ಬೀದಿಯಲ್ಲಿ ಹೋಗುವ ಹುಡುಗರನ್ನು ಕರೆಯುವರು. ಆ ತೊಂದರೆಗೂ ಈಗ ಪರಿಹಾರವುಂಟು: ತಲೆಯ ಮೇಲೆ ಸಣ್ಣ ಸೀಳಿರುವ ಸೂಜಿಗಳು ದೊರೆಯುವುವು, ದಾರವನ್ನು ಮೇಲಿನಿಂದ ಒತ್ತಿದರೆ ಕಣ್ಣಿನೊಳಕ್ಕೆ ತಾನೇ ಇಳಿಯುವುದು. ನಾನು ಹೇಳಬಂದುದಿಷ್ಟೇ. ನೋಟವಿಲ್ಲದವರು ಬಟ್ಟೆಯ ಕೆಲಸ ಮಾಡುವುದೆಂಬುದು ನಮ್ಮ ಊರಿಗೆ ಹೊರಗಿನಿಂದ ಬಂದ ಅಚ್ಚರಿಯಲ್ಲ. ಅದನ್ನು ಶಾಲೆಯ ಪಾಠವನ್ನಾಗಿ ಮಾಡಿದುದು ಮಾತ್ರ ಹೊರಗೆ ನಡೆದ ಚರಿತ್ರೆ.

ಆ ಚರಿತ್ರೆಗೆ ಹೋಗುವ ಮುನ್ನ ಒಂದು ಶಬ್ದದ ಮಾತು. ಕರ್ನಾಟಕ ಸರಕಾರದ ಕಾಗದಪತ್ರಗಳಲ್ಲಿ ಇಂಥವರನ್ನು ‘ವಿಕಲಚೇತನ’ರೆಂದು ಕರೆಯುವ ರೂಢಿಯಾಗಿದೆ. ಗೌರವದ ಉದ್ದೇಶದಿಂದಲೇ ಈ ಪದವನ್ನು ಆಯ್ದಿರಬೇಕು. ಆದರೆ ಪಾಠಶಾಲೆಯಲ್ಲಿ ಸಮಾಸಪ್ರಕರಣವನ್ನು ಬಾಯಿಪಾಠ ಮಾಡಿದವನಿಗೆ ಈ ಪದ ಗಂಟಲಲ್ಲಿ ಇಳಿಯದು. ಬಹುವ್ರೀಹಿಯಾಗಿ ಬಿಡಿಸಿದರೆ ‘ಯಾರ ಚೇತನವು ವಿಕಲವೋ ಅವರು’ ಎಂದಾಗುವುದಲ್ಲವೆ? ಕಣ್ಣು ವಿಕಲವಾಗಬಹುದು, ಕಾಲು ವಿಕಲವಾಗಬಹುದು. ಚೇತನವು ವಿಕಲವೆಂದು ಹೇಳುವ ಅಧಿಕಾರವನ್ನು ವ್ಯಾಕರಣವಾಗಲಿ ವೇದಾಂತವಾಗಲಿ ಯಾರಿಗೂ ಕೊಟ್ಟಿಲ್ಲ. ಆದುದರಿಂದ ಇಲ್ಲಿ ಅಂಧರು, ಬಧಿರರು, ಅಂಗವಿಕಲರು ಎಂಬ ನೇರವಾದ ಮಾತುಗಳನ್ನೇ ಬಳಸಿದ್ದೇನೆ.

ಅಂಧ ಮಕ್ಕಳಿಗಾಗಿ ಶಾಲೆಯನ್ನು ತೆರೆದವರಲ್ಲಿ ಮೊದಲಿಗನೆಂದು ಹೆಸರಾದವನು ಪ್ಯಾರಿಸ್ ನಗರದ ವಾಲೆಂತೀನ್ ಆವಿ. ಹದಿನೆಂಟನೆಯ ಶತಮಾನದ ಎಂಬತ್ತರ ದಶಕದಲ್ಲಿ ಆರಂಭವಾದ ಆ ಶಾಲೆಯಲ್ಲಿ ಉಬ್ಬಕ್ಷರಗಳ ಓದಿನೊಡನೆ ನೂಲುವುದೂ ಹೆಣೆಯುವುದೂ ಪಾಠವಾಗಿದ್ದುವು. ಇದೇ ಶಾಲೆಗೆ 1819ರಲ್ಲಿ ಬಾಲಕನಾಗಿ ಬಂದು ಸೇರಿದವನು ಲೂಯಿ ಬ್ರೇಲ್. ತನ್ನ ಚುಕ್ಕೆಲಿಪಿಯನ್ನು ಅವನು 1829ರಲ್ಲಿ ಪ್ರಕಟಿಸಿದನು. ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ 1791ರಲ್ಲಿ ತೆರೆದ ಅಂಧರ ಶಾಲೆಯಲ್ಲಂತೂ ಕೈಕಸುಬೇ ಪ್ರಧಾನ. ಇದರ ಸ್ಥಾಪನೆಗೆ ಕಾರಣನಾದ ಎಡ್ವರ್ಡ್ ರಷ್ಟನ್ ಎಂಬವನು ತಾನೇ ದೃಷ್ಟಿಯನ್ನು ಕಳೆದುಕೊಂಡ ಕವಿ. ಅಲ್ಲಿ ನೂಲು, ಬುಟ್ಟಿ, ಚಾಪೆ, ಹಗ್ಗಗಳ ಕೆಲಸ ನಡೆಯುತ್ತಿತ್ತು. ನಮ್ಮ ದೇಶಕ್ಕೆ ಈ ಪದ್ಧತಿ ಬಂದುದು ಕ್ರೈಸ್ತ ಮಿಶನರಿಗಳ ಮೂಲಕ. ಆನಿ ಶಾರ್ಪ್ ಎಂಬಾಕೆ 1887ರಲ್ಲಿ ಅಮೃತಸರದಲ್ಲಿ ಅಂಧರ ಶಾಲೆಯನ್ನು ತೆರೆದಳು. ಅದು ಮುಂದೆ ದೇಹರಾದೂನಿನ ಬಳಿಯ ರಾಜಪುರಕ್ಕೆ ಹೋದಾಗ ಅದಕ್ಕಿದ್ದ ಹೆಸರಿನಲ್ಲಿಯೇ ‘ಇಂಡಸ್ಟ್ರಿಯಲ್ ಹೋಮ್’ ಎಂಬ ಮಾತು ಸೇರಿತ್ತು. ಓದುಮನೆಯೂ ಕೆಲಸದ ಮನೆಯೂ ಒಂದೇ ಸೂರಿನ ಕೆಳಗೆ ಎಂಬ ಕಲ್ಪನೆಯನ್ನು ಈ ಹೆಸರೇ ಹೇಳುವುದು.

ಕನ್ನಡ ನಾಡಿನಲ್ಲಿ ಈ ಕಾರ್ಯಕ್ಕೆ ಕೈಹಾಕಿದವರು ಮಿಶನರಿಗಳಲ್ಲ, ಮೈಸೂರಿನ ಎಂ. ಶ್ರೀನಿವಾಸರಾಯರು. ಅಂಧರಿಗೂ ಬಧಿರರಿಗೂ ಕೂಡಿಯೇ ಒಂದು ಶಾಲೆಯನ್ನು ಅವರು 1901ರಲ್ಲಿ ಮೈಸೂರು ನಗರದಲ್ಲಿ ಆರಂಭಿಸಿದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಪ್ರಾಪ್ತವಯಸ್ಕರಾಗಿರಲಿಲ್ಲ, ರಾಜಮಾತೆ ವಾಣೀವಿಲಾಸ ಸನ್ನಿಧಾನದವರ ಆಡಳಿತ ನಡೆಯುತ್ತಿತ್ತು. ಒಬ್ಬ ಭಾರತೀಯನು, ಒಂದು ದೇಶೀಯ ಸಂಸ್ಥಾನದಲ್ಲಿ, ಯಾವ ಮತಪ್ರಚಾರದ ನೆರವೂ ಇಲ್ಲದೆ ಇಂಥ ಶಾಲೆಯನ್ನು ಕಟ್ಟಿದುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಭಾರತದ ಭಾಷೆಗಳಿಗೆಲ್ಲ ಸಮಾನವಾದ ‘ಭಾರತೀ ಬ್ರೇಲ್’ ಅಂಗೀಕೃತವಾದುದು 1951ರಲ್ಲಿ. ಅದಕ್ಕೆ ಅರ್ಧ ಶತಮಾನದ ಮೊದಲೇ ಮೈಸೂರಿನಲ್ಲಿ ಮಕ್ಕಳು ಕಲಿಯತೊಡಗಿದ್ದರೆಂಬುದನ್ನು ನೆನೆದರೆ ಶ್ರೀನಿವಾಸರಾಯರ ಮುಂದಿದ್ದ ಕಷ್ಟ ಎಷ್ಟೆಂಬುದು ತಿಳಿಯುವುದು. ಅದೇ 1901ರಲ್ಲಿ ನಮ್ಮ ರಂಗಂಪೇಟೆ ನಿಜಾಮರ ರಾಜ್ಯದಲ್ಲಿತ್ತು. ಇಲ್ಲಿಯ ಒಬ್ಬ ಅಂಧ ಬಾಲಕನಿಗೆ ಮೈಸೂರೆಂಬುದು ಬೇರೊಂದು ರಾಜ್ಯ, ಬೇರೊಂದು ದಿಕ್ಕು. ಇಂದು ಕಲಬುರಗಿಯಲ್ಲಿಯೂ ಸರಕಾರದ ಇಂಥ ಶಾಲೆಗಳುಂಟು.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮಾತನ್ನು ಇಲ್ಲಿ ಬಿಡಲಾಗದು. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು (1914–2010) ಅನಾಥರಿಗೂ ಅಂಧರಿಗೂ ಅನ್ನದೊಡನೆ ಕೊಟ್ಟುದು ಸ್ವರವನ್ನು. ಅಲ್ಲಿ ಕಲಿತವರು ಊರೂರಿಗೆ ಹೋಗಿ ಹಾಡಿದರು, ಪಾಠ ಹೇಳಿದರು, ಹೆಸರು ಪಡೆದರು. ಹಾಡಿದವನ ಹೆಸರನ್ನು ಕೇಳುಗನು ಕೇಳಿಯೇ ಕೇಳುವನು. ಮಗ್ಗದ ಮುಂದೆ ಕುಳಿತವನಿಗೆ ಆ ಭಾಗ್ಯವಿಲ್ಲ. ಅವನು ನೆಯ್ದ ಟವೆಲ್ಲು, ಜಮಖಾನೆ, ಹೆಣೆದ ಬೆತ್ತದ ಕುರ್ಚಿ ಇವೆಲ್ಲ ಶಾಲೆಯ ಹೆಸರಿನಲ್ಲಿ ಮಾರಾಟವಾದುವು, ಬಳಕೆಯಲ್ಲಿ ಸವೆದುವು, ಕಸಕ್ಕೆ ಹೋದುವು. ಕೊಂಡವರು ಬಹುಶಃ ಕನಿಕರದಿಂದ ಕೊಂಡರು. ಕನಿಕರದಿಂದ ಕೊಂಡ ವಸ್ತುವನ್ನು ಜೋಪಾನ ಮಾಡಬೇಕೆಂದು ಯಾರಿಗೂ ತೋರದು. ಇದೇ ಕಾರಣದಿಂದ ಇಂಥ ಬಟ್ಟೆಗಳ ಚರಿತ್ರೆ ಬರೆಯುವವನಿಗೆ ಆಧಾರವಾಗಬೇಕಾದ ಬಟ್ಟೆಯೇ ಸಿಗದೆ ಹೋಗುವುದು.

ಆದಕಾರಣ, ಉಳಿದುಬಂದ, ಉದ್ಧಾರವನ್ನೂ ಕಂಡ ಒಂದು ಬಟ್ಟೆಯನ್ನು ನೋಡಬೇಕಾದರೆ ನಾವು ಕಡಲಾಚೆಗೆ ಹೋಗಬೇಕು. ಅದು ಲಂಡನ್ನಿನ ಸೇಂಟ್ ಪಾಲ್ಸ್ ಮಹಾ ಇಗರ್ಜಿಯಲ್ಲಿದೆ. ಪೂಜಾವೇದಿಕೆಯ ಮುಂಭಾಗಕ್ಕೆ ಇಳಿಬಿಡುವ ಕಸೂತಿಯ ತೆರೆ ಅದು. ನಡುವೆ ಹೊನ್ನಿನ ಪಾತ್ರೆ, ಸುತ್ತ ಹೂವು, ಹಕ್ಕಿ, ತಾಳೆಯ ಗರಿಗಳು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆಗಳಲ್ಲಿ ಬಿದ್ದಿದ್ದ ನೂರಮೂವತ್ತಕ್ಕೂ ಹೆಚ್ಚು ಸಿಪಾಯಿಗಳು ಇದನ್ನು ಹೊಲಿದರು. ಬ್ರಿಟನ್ನಿನವರಲ್ಲದೆ ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾಗಳಿಂದ ಬಂದವರೂ ಅವರಲ್ಲಿದ್ದರು. ಕಾಲು ಕಳೆದುಕೊಂಡವರು, ತೋಳು ಊನವಾದವರು, ತೋಪಿನ ಸದ್ದಿಗೆ ಬೆಚ್ಚಿ ಕೈ ನಡುಗುವ ರೋಗ ಹತ್ತಿದವರು ಆ ಕಾಲದ ಆಸ್ಪತ್ರೆಗಳನ್ನು ತುಂಬಿದ್ದರು. ಬಂದೂಕು ಹಿಡಿದಿದ್ದ ಕೈಗೆ ಸೂಜಿಯನ್ನು ಕೊಟ್ಟು, ಹಾಸಿಗೆಯ ಪಕ್ಕದಲ್ಲಿ ಕುಳಿತು ಹೊಲಿಗೆಯನ್ನು ಕಲಿಸಲಾಯಿತು. ಶಾಲೆಯೆಂದರೆ ಕಟ್ಟಡವೂ ಗಂಟೆಯೂ ಇರಲೇಬೇಕೆಂದಿಲ್ಲ. ಕಲಿಸುವವರೂ ಕಲಿಯುವವರೂ ಇದ್ದಲ್ಲಿ ಶಾಲೆಯುಂಟು. ಈ ಸಿಪಾಯಿಗಳನ್ನು ವಿದ್ಯಾರ್ಥಿಗಳೆಂದು ಎಣಿಸಲು ನನಗೆ ಸಂಕೋಚವಿಲ್ಲ.

ಕೆಲಸವನ್ನು ಭಾಗಭಾಗವಾಗಿ ಹಂಚಿ ಬೇರೆಬೇರೆ ಆಸ್ಪತ್ರೆಗಳಲ್ಲಿ ಮಾಡಿಸಿ, ಕಡೆಗೆ ಲಂಡನ್ನಿನ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಎಂಬ ಕಸೂತಿಯ ವಿದ್ಯಾಲಯದಲ್ಲಿ ಎಲ್ಲವನ್ನೂ ಜೋಡಿಸಲಾಯಿತು. ನಮ್ಮ ಕೌದಿಯ ಕ್ರಮವೂ ಇದೇ ಅಲ್ಲವೆ? ಯುದ್ಧ ಮುಗಿದ ಮೇಲೆ 1919ರಲ್ಲಿ ನಡೆದ ಕೃತಜ್ಞತಾಪೂಜೆಯ ಕಾಲಕ್ಕೆ ತೆರೆಯು ವೇದಿಕೆಯನ್ನು ಅಲಂಕರಿಸಿತು. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ಇಗರ್ಜಿಯ ಪ್ರಧಾನ ವೇದಿಕೆಯ ಮೇಲೆ ಬಾಂಬು ಬಿದ್ದಿತು. ಆಮೇಲೆ ಈ ತೆರೆ ಪೆಟ್ಟಿಗೆಯನ್ನು ಸೇರಿ ಎಪ್ಪತ್ತು ವರ್ಷಗಳಿಗೂ ಮೀರಿ ಕತ್ತಲೆಯಲ್ಲಿದ್ದಿತು. ಮಹಾಯುದ್ಧದ ಶತಮಾನೋತ್ಸವವೆಂದು 2014ರಲ್ಲಿ ಅದನ್ನು ಸಂಸ್ಕರಿಸಿ ಜನರ ಮುಂದೆ ಇಡಲಾಯಿತು.

ಈ ವೃತ್ತಾಂತದಲ್ಲಿ ನನ್ನ ಮನಸ್ಸನ್ನು ಹಿಡಿದುದು ತೆರೆಯ ಹೊನ್ನದಾರವಲ್ಲ. ಹೊಲಿದವರ ಹೆಸರುಗಳ ಪಟ್ಟಿಯನ್ನು ಆ ಕಾಲದಲ್ಲಿಯೇ ಬರೆದಿಟ್ಟಿದ್ದರು. ಬಟ್ಟೆ ಹೊರಬಂದಾಗ ಪಟ್ಟಿಯೂ ಹೊರಬಂದಿತು, ಇಗರ್ಜಿಯವರು ಆ ಹೆಸರುಗಳನ್ನು ಹಿಡಿದು ಸಿಪಾಯಿಗಳ ಮೊಮ್ಮಕ್ಕಳನ್ನೂ ಮರಿಮಕ್ಕಳನ್ನೂ ಹುಡುಕತೊಡಗಿದರು. ಬಟ್ಟೆಗೆ ಅದೊಂದು ಶಾಸನವಿದ್ದಂತೆ. ಆ ಕಾಗದ ಇಲ್ಲದಿದ್ದರೆ ಉಳಿಯುತ್ತಿದ್ದುದು ಒಂದು ಸುಂದರವಾದ ಕಸೂತಿ, ಅಷ್ಟೆ.

ಇನ್ನು ಉದ್ಧಾರದ ಕ್ರಮವನ್ನು ನೋಡೋಣ. ಹಳೆಯ ಬಟ್ಟೆ ಕೈಗೆ ಬಂದೊಡನೆ ಅದನ್ನು ಒಗೆಯಬೇಕೆಂಬುದು ಗೃಹಿಣಿಯ ಮೊದಲ ಆಲೋಚನೆ. ಸಂಸ್ಕಾರದ ತಜ್ಞರು ಅದನ್ನು ಕಡೆಯವರೆಗೂ ಮುಂದೂಡುವರು. ಮೊದಲು ಸಣ್ಣ ಬಲೆಯನ್ನು ಮೇಲೆ ಹಾಸಿ, ಎಳೆಗಳು ಕಿತ್ತುಬಾರದಂತೆ, ಧೂಳನ್ನು ಮಾತ್ರ ಮೆಲ್ಲನೆ ಹೀರಿಸುವರು. ಹುಳು ಬಿದ್ದಿದ್ದರೆ ವಿಷವನ್ನು ಹಾಕದೆ, ಚೀಲದಲ್ಲಿ ಬಿಗಿದು ಹಿಮಶೀತದಲ್ಲಿ ಕೆಲವು ದಿನ ಇಡುವರು. ನೀರು ಸೋಕಿಸಬೇಕಾದರೆ ಪ್ರತಿಯೊಂದು ಬಣ್ಣವನ್ನೂ ಒಂದೊಂದು ಹನಿಯಿಂದ ಪರೀಕ್ಷಿಸಿದ ಮೇಲೆಯೇ.

ಬಣ್ಣದ ಪರೀಕ್ಷೆ ಏಕೆ ಬೇಕೆಂಬುದನ್ನು ಸಾಹಿತ್ಯದ ವಾಚಕರಿಗೆ ವಿಶ್ವನಾಥನ ‘ಸಾಹಿತ್ಯದರ್ಪಣ’ದ ಮೂಲಕ ಹೇಳುವುದು ಸುಲಭ. ಪೂರ್ವರಾಗವು ಮೂರು ವಿಧವೆಂದು ಅವನು ವಿಭಾಗಿಸಿದ್ದಾನೆ: ನೀಲೀರಾಗ, ಕುಸುಂಭರಾಗ, ಮಂಜಿಷ್ಠಾರಾಗ. ಹೆಚ್ಚು ಮೆರೆಯದೆ, ಆದರೆ ಬಿಟ್ಟೂ ಹೋಗದೆ ನಿಲ್ಲುವ ಪ್ರೀತಿ ನೀಲಿಯದು. ಮೆರೆದು ಬಿಟ್ಟುಹೋಗುವುದು ಕುಸುಂಭದ್ದು. ಮೆರೆಯುತ್ತಲೇ ನಿಲ್ಲುವುದು ಮಂಜಿಷ್ಠೆಯದು. ಪಾಠಶಾಲೆಯಲ್ಲಿ ಇದನ್ನು ಶೃಂಗಾರದ ಲಕ್ಷಣವೆಂದು ಓದಿದೆವು. ಇದು ಬಣ್ಣಗಾರನ ಲೆಕ್ಕವೆಂದು ನಮಗೆ ಯಾರೂ ಹೇಳಲಿಲ್ಲ. ನೀಲಿ ನೀರಿನಲ್ಲಿ ಕರಗದ ಬಣ್ಣ, ನೂಲಿನೊಳಗೆ ಕುಳಿತರೆ ಏಳದು. ಮಂಜಿಷ್ಠೆಯ ಕೆಂಪು ಪಟಿಕದ ಬಲದಿಂದ ನೂಲನ್ನು ಹಿಡಿದುಕೊಳ್ಳುವುದು. ನಮ್ಮ ಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವಿನ ಕೆಂಪಾದರೋ ಬಿಸಿಲಿಗೂ ಸಾಬೂನಿಗೂ ಸೋಲುವುದು. ಲಾಕ್ಷಣಿಕನು ಪ್ರೇಮಿಗಳ ವಿಷಯದಲ್ಲಿ ಹೇಳಿದುದು ಬಟ್ಟೆಯ ವಿಷಯದಲ್ಲಿ ಅಕ್ಷರಶಃ ಸತ್ಯ. ಕಬ್ಬಿಣದ ಕಸದಿಂದ ಮಾಡಿದ ಕರಿಯ ಬಣ್ಣದ ಗುಣ ಇನ್ನೂ ವಿಚಿತ್ರ. ಅದು ಬಿಡುವುದೂ ಇಲ್ಲ, ಬಾಳಗೊಡುವುದೂ ಇಲ್ಲ. ತಾನು ಹಿಡಿದ ನೂಲನ್ನೇ ಒಳಗಿನಿಂದ ತಿನ್ನುವುದು. ಹಳೆಯ ಬಟ್ಟೆಗಳಲ್ಲಿ ಕೆಂಪು ಹೂವು ನೆಟ್ಟಗಿದ್ದು ಅದರ ಸುತ್ತಿನ ಕರಿಯ ಗೆರೆ ಮಾತ್ರ ಪುಡಿಯಾಗಿರುವುದು ಇದೇ ಕಾರಣದಿಂದ.

ಹರಿದ ಭಾಗಕ್ಕೆ ತೇಪೆಯ ಗತಿ ಏನು? ಹಿಂಬದಿಗೆ ಅದೇ ಬಣ್ಣದ ಹೊಸ ಬಟ್ಟೆಯನ್ನು ಆಧಾರವಾಗಿ ಕೊಟ್ಟು, ಕೂದಲಿನಷ್ಟು ಸಣ್ಣ ದಾರದಿಂದ, ಹಳೆಯ ಎಳೆಗಳ ಮೇಲೆ ಅಡ್ಡಲಾಗಿ ಸಡಿಲವಾದ ಹೊಲಿಗೆ ಹಾಕುವರು. ಅಂಟನ್ನು ಆದಷ್ಟು ದೂರವಿಡುವರು. ಮಾಡಿದ ಕೆಲಸವನ್ನು ಮುಂದಿನವರು ಬಿಚ್ಚಲು ಬರಬೇಕು, ಬಿಚ್ಚಿದರೆ ಮೂಲಕ್ಕೆ ಹಾನಿಯಾಗಬಾರದು ಎಂಬುದು ಈ ವಿದ್ಯೆಯ ಮುಖ್ಯ ನಿಯಮ. ನಮ್ಮ ದೇಗುಲಗಳಿಗೆ ಸಿಮೆಂಟು ಬಳಿಯುವ ಉತ್ಸಾಹಿಗಳು ಈ ನಿಯಮವನ್ನು ಕೇಳಿ ತಿಳಿದರೆ ಒಳ್ಳೆಯದು.

ಇಲ್ಲಿಯವರೆಗಿನದು ಎಲ್ಲ ಬಟ್ಟೆಗೂ ಸಾಮಾನ್ಯ. ಅಂಗವಿಕಲ ವಿದ್ಯಾರ್ಥಿಗಳ ಬಟ್ಟೆಯಲ್ಲಿ ಇದಕ್ಕೆ ಮೀರಿದ ಒಂದು ಸೂಕ್ಷ್ಮವಿದೆ. ಅದನ್ನು ಬಿಟ್ಟರೆ ಉದ್ಧಾರವೇ ವಿನಾಶವಾಗುವುದು. ಅಂಥ ಬಟ್ಟೆಯಲ್ಲಿ ಸಾಲು ಓರೆಯಾಗಿರಬಹುದು. ಒಂದೆಡೆ ಹೊಲಿಗೆ ಒತ್ತಾಗಿ ಇನ್ನೊಂದೆಡೆ ವಿರಳವಾಗಿರಬಹುದು. ಹಿಂಬದಿಯಲ್ಲಿ ಬೇಡದ ಗಂಟುಗಳಿರಬಹುದು. ನೋಡುವವನು ಇದನ್ನು ದೋಷವೆನ್ನುವನು. ಹೊಲಿದವನ ಬೆರಳಿಗೆ ಆ ಗಂಟು ಮೈಲಿಗಲ್ಲು. ಇಲ್ಲಿಗೆ ಹತ್ತು ಹೊಲಿಗೆ ಮುಗಿಯಿತು, ಇಲ್ಲಿಂದ ಬಣ್ಣ ಬದಲು, ಇಲ್ಲಿ ಮೂಲೆ ತಿರುಗಬೇಕು ಎಂಬುದನ್ನು ಅವನು ಗಂಟಿನಿಂದ ಓದಿಕೊಳ್ಳುವನು. ನಡುಗುವ ಕೈಯ ಸಿಪಾಯಿಯ ಹೊಲಿಗೆಯಲ್ಲಿ ಆರಂಭದ ಸಾಲು ಚದರಿದ್ದು ಕಡೆಯ ಸಾಲು ಸಮವಾಗಿದ್ದರೆ, ಆ ಎರಡು ಸಾಲುಗಳ ನಡುವೆ ಒಬ್ಬ ಮನುಷ್ಯನು ಚೇತರಿಸಿಕೊಂಡ ಕಾಲವೆಲ್ಲ ಬರೆದಿದೆ. ಮೊದಲ ಸಾಲನ್ನು ಬಿಚ್ಚಿ ‘ಸರಿ’ ಮಾಡಿದವನು ಆ ದಾಖಲೆಯನ್ನು ಸುಟ್ಟಂತೆಯೇ ಸರಿ. ಆದುದರಿಂದ ಬಟ್ಟೆಯ ಮುಂಬದಿಗಿಂತ ಹಿಂಬದಿಯನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಹಿಂಬದಿಯ ಚಿತ್ರವನ್ನು ಮೊದಲು ತೆಗೆದಿಡಬೇಕು. ಹೊಸ ಆಧಾರದ ಬಟ್ಟೆಯನ್ನು ಹಚ್ಚುವಾಗಲೂ ಅದು ಕಾಣುವಂತೆ ಅವಕಾಶವಿಡಬೇಕು.

ಇದನ್ನು ಇಷ್ಟು ಬಲವಾಗಿ ಹೇಳಲು ಕಾರಣವುಂಟು. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಂದು ಶಾಲೆಯ ವಾರ್ಷಿಕ ಪ್ರದರ್ಶನಕ್ಕೆ ಮಕ್ಕಳೆಲ್ಲ ತುಂಡು ಬಟ್ಟೆಗಳನ್ನು ತಂದು ಒಂದು ಕೌದಿಯನ್ನು ಹೊಲಿದರು. ಅವರಲ್ಲಿ ಒಬ್ಬ ಹುಡುಗಿಗೆ ಕಣ್ಣು ಬಹಳ ಮಂದ. ಅವಳ ಪಾಲಿಗೆ ಬಂದ ಅಂಚನ್ನು ಅವಳು ದಪ್ಪ ದಾರದಿಂದ, ಪ್ರತಿಯೊಂದು ಗೇಣಿಗೂ ಒಂದು ಗಂಟು ಹಾಕಿ, ಎಲ್ಲರಿಗಿಂತ ಬೇಗ ಮುಗಿಸಿದಳು. ತಪಾಸಣೆಯ ಅಧಿಕಾರಿಗಳು ಬರುವ ಹಿಂದಿನ ರಾತ್ರಿ, ಅಂಚು ಒರಟಾಗಿ ಕಾಣುವುದೆಂದು, ಅದನ್ನೆಲ್ಲ ಬಿಚ್ಚಿ ಬೇರೆಯವರಿಂದ ಹೊಲಿಸಿದರು. ಬೆಳಗ್ಗೆ ಆ ಹುಡುಗಿ ಬಂದು ಅಂಚನ್ನು ಉದ್ದಕ್ಕೂ ಬೆರಳಿನಿಂದ ಸವರಿದಳು. ಯಾರನ್ನೂ ಏನನ್ನೂ ಕೇಳಲಿಲ್ಲ. ಅಧಿಕಾರಿಗಳು ಅಂಚನ್ನೇ ವಿಶೇಷವಾಗಿ ಹೊಗಳಿದರು, ಅವಳಿಗೆ ಬಹುಮಾನವೂ ಬಂದಿತು. ಆ ಬಹುಮಾನವನ್ನು ಅವಳು ಮನೆಗೆ ಒಯ್ಯದೆ ಬೆಂಚಿನ ಮೇಲೆಯೇ ಬಿಟ್ಟುಹೋದಳು.

ಮತ್ತೊಂದು ತೊಡಕು ಸ್ಪರ್ಶದ್ದು. ಹಳೆಯ ಬಟ್ಟೆಯನ್ನು ಮುಟ್ಟಕೂಡದೆಂಬುದು ಸಂಗ್ರಹಾಲಯಗಳ ಮೊದಲ ಆಜ್ಞೆ. ಕೈಯ ಬೆವರು, ಎಣ್ಣೆ ನೂಲಿಗೆ ಶತ್ರು. ಬೆಳಕು ಕೂಡ ಶತ್ರುವಾದುದರಿಂದ ಮಬ್ಬುಬೆಳಕಿನಲ್ಲಿ, ಗಾಜಿನ ಹಿಂದೆ ಇಡುವರು. ಈ ಆಜ್ಞೆಗೆ ಸಕಾರಣವಿದೆ, ನಾನು ಅದನ್ನು ಅಲ್ಲಗಳೆಯೆನು. ಆದರೆ ಬೆರಳಿನಿಂದ ಹುಟ್ಟಿದ ಬಟ್ಟೆಯನ್ನು ಗಾಜಿನ ಹಿಂದೆ ಇಟ್ಟು, ಅಂಧರಿಗೆ ಇದನ್ನು ನೋಡಿರೆಂದರೆ ಏನು ಹೇಳಿದಂತಾಯಿತು? ಅವರ ಪೂರ್ವಿಕರ ಕೆಲಸವನ್ನು ಕಣ್ಣಿದ್ದವರ ಸೊತ್ತನ್ನಾಗಿ ಮಾಡಿದಂತಾಗಲಿಲ್ಲವೆ? ಇದಕ್ಕೆ ಅನುಭವಸ್ಥರು ಕಂಡುಕೊಂಡ ದಾರಿ, ಮೂಲದ ಒಂದು ಭಾಗವನ್ನು ಅದೇ ನೂಲು, ಅದೇ ಹೊಲಿಗೆ, ಅದೇ ಗಂಟುಗಳಿಂದ ಹೊಸದಾಗಿ ಹೊಲಿದು ಪಕ್ಕದಲ್ಲಿಡುವುದು. ಅದನ್ನು ಯಾರಾದರೂ ಎಷ್ಟು ಬೇಕಾದರೂ ಮುಟ್ಟಬಹುದು. ಆ ಪ್ರತಿಯನ್ನು ಹೊಲಿಯುವ ಕೆಲಸವನ್ನು ಇಂದಿನ ಅಂಧ ವಿದ್ಯಾರ್ಥಿಗಳಿಗೇ ಒಪ್ಪಿಸುವುದು ಎಲ್ಲಕ್ಕಿಂತ ಯುಕ್ತವೆಂದು ನನ್ನ ಮತ. ಕಣ್ಣಿದ್ದ ತಜ್ಞನಿಗೆ ಅರ್ಥವಾಗದ ಗಂಟು ಅವರ ಬೆರಳಿಗೆ ಅರ್ಥವಾದೀತು.

ನಮ್ಮ ಸುರಪುರ ಸಂಸ್ಥಾನದ ಚರಿತ್ರೆಯನ್ನು ಬರೆದವರೂ ಓದಿದವರೂ ಬಹಳ ಮಂದಿ. ವಾಗಿನಗೇರಿಯಲ್ಲಿ 1705ರಲ್ಲಿ ಔರಂಗಜೇಬನ ಸೈನ್ಯವನ್ನು ಎದುರಿಸಿದ ನಾಯಕರ ಪರಾಕ್ರಮ, 1841ರಿಂದ 1853ರವರೆಗೆ ಇಲ್ಲಿದ್ದ ಮೆಡೋಸ್ ಟೇಲರನ ಆಡಳಿತ, 1858ರ ರಾಜಾ ವೆಂಕಟಪ್ಪನಾಯಕನ ಬಲಿದಾನ ಇವೆಲ್ಲ ಶಾಲೆಯ ಹುಡುಗರ ಬಾಯಲ್ಲಿವೆ. ಸುರಪುರದ ಹೊನ್ನಿನ ರೇಖೆಯ ಚಿತ್ರಗಳನ್ನು ದೂರದವರೂ ಬಲ್ಲರು. ಕತ್ತಿಗೂ ಹೊನ್ನಿಗೂ ದೊರೆತ ಈ ಜೋಪಾನ ಅರಿವೆಗೆ ದೊರೆಯಲಿಲ್ಲ. ಯಾವ ಮನೆಯ ಅಟ್ಟದ ಮೇಲೆ, ಯಾವ ಮಠದ ಪೆಟ್ಟಿಗೆಯಲ್ಲಿ, ಯಾವ ಶಾಲೆಯ ಬೀರುವಿನ ತಳದಲ್ಲಿ ಇಂಥ ಹಳೆಯ ಕೌದಿ, ತೆರೆ, ಜಮಖಾನೆಗಳು ಮಡಿಕೆಯಲ್ಲಿ ಕೊಳೆಯುತ್ತಿವೆಯೋ, ಅವುಗಳಲ್ಲಿ ಯಾವುದನ್ನು ಕಣ್ಣಿಲ್ಲದ ಅಜ್ಜಿ ಹೊಲಿದಳೋ, ಯಾವುದನ್ನು ಮಾತು ಬಾರದ ಹುಡುಗ ನೆಯ್ದನೋ, ಅವನ್ನು ಬಲ್ಲವರು ಇನ್ನೂ ಕೆಲವರು ಬದುಕಿದ್ದಾರೆ. ಅವರನ್ನು ಕೇಳುವ ಕೆಲಸಕ್ಕೆ ತಜ್ಞರು ಬರಬೇಕಾಗಿಲ್ಲ, ಸರಕಾರದ ಹಣವೂ ಬೇಕಾಗಿಲ್ಲ. ಈ ಪತ್ರಿಕೆಯ ವಾಚಕರಲ್ಲಿ ಉಪಾಧ್ಯಾಯರಾಗಿರುವವರು ತಮ್ಮ ವಿದ್ಯಾರ್ಥಿಗಳಿಗೆ ರಜೆಯ ಪಾಠವಾಗಿ ಇದನ್ನು ಕೊಡಬಹುದು: ಮನೆಯ ಅತ್ಯಂತ ಹಳೆಯ ಕೌದಿ ಯಾವುದು, ಹೊಲಿದವರು ಯಾರು, ಯಾರ ಯಾರ ಸೀರೆ ಅದರಲ್ಲಿದೆ.

ಸಿಕ್ಕ ಬಟ್ಟೆಯನ್ನು ಮಡಿಸಿಡಬಾರದು, ಮಡಿಕೆಯ ಗೆರೆಯಲ್ಲಿಯೇ ಅದು ಮೊದಲು ಒಡೆಯುವುದು. ಸ್ವಚ್ಛವಾದ ಹಳೆಯ ಬಿಳಿಯ ಧೋತರವನ್ನು ಸುತ್ತಿದ ಕೊಳವೆಯ ಮೇಲೆ ಸುರುಳಿ ಮಾಡಿಡಬೇಕು. ಕರ್ಪೂರದ ಗುಳಿಗೆ ಬಟ್ಟೆಗೆ ತಾಗಬಾರದು, ಕಬ್ಬಿಣದ ಗುಂಡುಸೂಜಿ ಎಂದಿಗೂ ಬೇಡ, ತುಕ್ಕು ಹಿಡಿಯುವುದು. ಹೊಲಿದವರ ಹೆಸರು, ಊರು, ತಿಳಿದರೆ ವರ್ಷ, ಇಷ್ಟನ್ನು ಒಗೆದ ಹತ್ತಿಯ ಪಟ್ಟಿಯೊಂದರ ಮೇಲೆ ಪೆನ್ಸಿಲಿನಿಂದ ಬರೆಯಬೇಕು, ಶಾಯಿ ಹರಡುವುದರಿಂದ ಶಾಯಿ ಬೇಡ. ಬ್ರೇಲ್ ಬಲ್ಲವರಿದ್ದರೆ ಅದೇ ಹೆಸರನ್ನು ದಪ್ಪ ಕಾಗದದ ಮೇಲೆ ಚುಕ್ಕೆಗಳಿಂದಲೂ ಬರೆಯಿಸಿ ಜೊತೆಗಿಡಬಹುದು. ಪಟ್ಟಿಯನ್ನು ಬಟ್ಟೆಯ ಹಿಂಬದಿಯ ಒಂದು ಮೂಲೆಗೆ, ಹಳೆಯ ಗಂಟುಗಳನ್ನು ತಪ್ಪಿಸಿ, ನಾಲ್ಕು ಸಡಿಲವಾದ ಹೊಲಿಗೆಗಳಿಂದ ಹಚ್ಚಿದರೆ ಸಾಕು.